ಹದಿನೇಳನೇ ನಂಬರಿನ ಕೋಳಿ

ನನ್ನ ಹೆಂಡತಿ ಹಿಲ್ಡಾ ಪಂಚಾಯತು ಪ್ರೆಸಿಡೆಂಟ್ ಆದ ದಿನದಿಂದ ಊರಿನವರು ನನ್ನನ್ನು ಸಿಮೋನ್ ಮೊಂತೇರೊ ಎಂದು ಕರೆಯುವುದನ್ನು ಬಿಟ್ಟರು. ‘ಪ್ರೆಸಿಡೆಂಟರ ಗಂಡ’ ಎಂಬುದೇ ನನ್ನ ಹೆಸರಾಯಿತು. ಕಾಸರಗೋಡು ಜಿಲ್ಲೆಯ ಕಂಚಿಲಪದವಿನ ಪೇಟೆಯಲ್ಲಿ ಮೂವತ್ತು ವರ್ಷ ಪೈಂಟು, ಪೈಪು, ಮೊಳೆ ಮಾರಿ ಸಂಪಾದಿಸಿದ ಹೆಸರು 2015ರ ನವೆಂಬರಿನ ಒಂದೇ ಮತ ಎಣಿಕೆಗೆ ಹೋಯಿತು. ಅದರಿಂದ ನನಗೇನೂ ಬೇಜಾರಾಗಲಿಲ್ಲ ಎಂದರೆ ಸುಳ್ಳಾದೀತು. ಈ ಕಥೆಯಲ್ಲಿ ನಾನು ಹೇಳಿದ ಸುಳ್ಳುಗಳು ಈಗಾಗಲೇ ಬೇಕಾದಷ್ಟಿವೆ, ಹೊಸತೊಂದು ಬೇಡ.

ನನಗೆಂದು ಉಳಿದದ್ದು ಇಗರ್ಜಿಯಲ್ಲಿ ಒಂದು ಸ್ಥಾನ ಮಾತ್ರ. ಶುಭ ಶುಕ್ರವಾರ ನಮ್ಮಲ್ಲಿ ಯೇಸುವಿನ ಪಾಡಿನ ಕಥೆಯನ್ನು ಪಾತ್ರ ಹಂಚಿಕೊಂಡು ಓದುವ ಕ್ರಮವಿದೆ. ಹನ್ನೊಂದು ವರ್ಷದಿಂದ ಸಂತ ಪೇತ್ರನ ಮಾತು ಓದುವವನು ನಾನು. ಗುರುವನ್ನು ಹಿಡಿದುಕೊಂಡು ಹೋದ ಮೇಲೆ ಪೇತ್ರ ಹೆದರಿ ‘ನಾನು ಅವನನ್ನು ಅರಿಯೆನು’ ಎಂದು ಮೂರು ಸಲ ಹೇಳುತ್ತಾನೆ. ಮೂರನೆಯದು ಬಾಯಿಂದ ಹೊರಬೀಳುವಾಗ ಕೋಳಿ ಕೂಗುತ್ತದೆ. ಆ ಮಾತನ್ನು ನಾನು ಮೂರು ನಮೂನೆಯಲ್ಲಿ ಹೇಳುತ್ತಿದ್ದೆ. ಮೂರನೆಯದಕ್ಕೆ ಗಂಟಲನ್ನು ಸ್ವಲ್ಪ ನಡುಗಿಸುತ್ತಿದ್ದೆ, ಮುದುಕಿಯರು ಕಣ್ಣೊರೆಸಿಕೊಳ್ಳುತ್ತಿದ್ದರು. ಪೇತ್ರನ ಮೊದಲಿನ ಹೆಸರೂ ಸಿಮೋನನೇ, ಹಾಗಾಗಿ ಪಾತ್ರ ನನಗೆ ಚೆನ್ನಾಗಿ ಹೊಂದುತ್ತದೆ ಎಂದು ಪಾದ್ರಿಯವರೇ ಹೇಳಿದ್ದರು. ಅದನ್ನು ಹೊಗಳಿಕೆ ಎಂದುಕೊಂಡವನು ನಾನು.

ಹಿಲ್ಡಾಳಿಗೂ ಪೊಲೀಸರಿಗೂ ಜಗಳ ಹತ್ತಿದ್ದು ಮೀನಿನಿಂದ. ಪೇಟೆಯ ಜಂಕ್ಷನ್ನಿನ ಕಟ್ಟೆಯ ಬದಿಯಲ್ಲಿ ಐದು ಮಂದಿ ಹೆಂಗಸರು ಬುಟ್ಟಿ ಇಟ್ಟುಕೊಂಡು ಬೂತಾಯಿ, ಬಂಗುಡೆ ಮೀನು ಮಾರುತ್ತಿದ್ದರು. ಬಿಸಿಲು ಮಳೆಗೆ ಅವರ ತಲೆಯ ಮೇಲೊಂದು ಶೀಟಿನ ಮಾಡು ಹಾಕಿಸುತ್ತೇನೆ ಎಂದು ಹೇಳಿಯೇ ಹಿಲ್ಡಾ ಗೆದ್ದದ್ದು. ಆಗ ಕೋಟ್ಟಯಂ ಕಡೆಯಿಂದ ಕುರುವಿಳ ಎಂಬ ಹೊಸ ಎಸ್ಸೈ ಬಂದರು. ಬಂದ ವಾರದಲ್ಲೇ ಸಂಚಾರಕ್ಕೆ ಅಡ್ಡಿಯೆಂದು ಐದೂ ಬುಟ್ಟಿಗಳನ್ನು ಎಬ್ಬಿಸಿದರು. ನಮ್ಮ ಜಂಕ್ಷನ್ನಿನಲ್ಲಿ ಗಂಟೆಗೆ ಎರಡು ಬಸ್ಸು ಬರುತ್ತದೆ, ಅದರಲ್ಲೊಂದು ಕೆಟ್ಟು ಅಲ್ಲೇ ನಿಲ್ಲುತ್ತದೆ. ಅಡ್ಡಿ ಯಾವುದು ಎಂದು ಯಾರಿಗೂ ತಿಳಿಯಲಿಲ್ಲ.

ಹಿಲ್ಡಾ ಠಾಣೆಗೆ ಹೋಗಿ, “ಜಾಗ ಪಂಚಾಯತಿನದ್ದು ಸಾರ್,” ಎಂದಳು.

“ಕಾನೂನು ಸರಕಾರದ್ದು ಮೇಡಂ,” ಎಂದರು ಎಸ್ಸೈ.

ಅಲ್ಲಿಂದ ಶುರು. ಠಾಣೆಯ ಎದುರಿನ ಬೀದಿದೀಪ ಕೆಟ್ಟಿತು. ಅದನ್ನು ಸರಿಮಾಡಿಸಬೇಕಾದದ್ದು ಪಂಚಾಯತು. ಹಿಲ್ಡಾ ಫೈಲನ್ನು ‘ಪರಿಶೀಲನೆಯಲ್ಲಿದೆ’ ಎಂದು ಬರೆಸಿ ಕಪಾಟಿನ ಮೇಲಿಟ್ಟಳು. ಎಸ್ಸೈ ಪಂಚಾಯತಿನ ಜೀಪನ್ನು ಹೊಗೆ ಸರ್ಟಿಫಿಕೇಟ್ ಇಲ್ಲವೆಂದು ಹಿಡಿದು ನಾಲ್ಕು ದಿನ ಠಾಣೆಯಲ್ಲಿ ನಿಲ್ಲಿಸಿದರು. ಹಿಲ್ಡಾ ಠಾಣೆಯ ಬಾಗಿಲಿಗೆ ಸರಿಯಾಗಿ ಚರಂಡಿ ಅಗೆಸಿ, ಅರ್ಧಕ್ಕೆ ಕೆಲಸ ನಿಲ್ಲಿಸಿದಳು. ಪೊಲೀಸ್ ಜೀಪು ಹಲಗೆಯ ಮೇಲೆ ಸರ್ಕಸ್ಸಿನ ಆನೆಯ ಹಾಗೆ ಒಂದೊಂದೇ ಚಕ್ರ ಇಟ್ಟು ದಾಟಬೇಕಾಯಿತು. ಅದರ ಸಿಟ್ಟು ಎಲ್ಲಿಗೆ ಹೋಗಬೇಕು? ನನ್ನ ಸ್ಕೂಟರಿಗೆ. ವಾರಕ್ಕೆ ಮೂರು ಸಲ ನನ್ನನ್ನು ನಿಲ್ಲಿಸಿ ಹೆಲ್ಮೆಟ್ಟಿನ ಪಟ್ಟಿ ಸಡಿಲವಾಗಿದೆ ಎನ್ನುತ್ತಿದ್ದರು. ಕೋಣಗಳೆರಡು ಹೋರಾಡಿದರೆ ಗಿಡಕ್ಕೆ ಕೇಡು ಎನ್ನುತ್ತಾರಲ್ಲ, ಆ ಗಿಡ ನಾನು.

ಇನ್ನು ಕಪ್ತಾನನ ವಿಷಯ ಹೇಳಬೇಕು. ಕಪ್ತಾನ ಎಂದರೆ ನಮ್ಮ ಮನೆಯ ಬಿಳಿ ಹುಂಜ. ಅದರ ತಾಯಿಯನ್ನು ಮುಂಗುಸಿ ಹಿಡಿದಾಗ ಅದು ನಿಂಬೆಹಣ್ಣಿನಷ್ಟು ದೊಡ್ಡ ಮರಿ. ಹಿಲ್ಡಾ ಅದನ್ನು ಚಪ್ಪಲಿಯ ಪೆಟ್ಟಿಗೆಯಲ್ಲಿಟ್ಟು, ಮೇಲೊಂದು ಬಲ್ಬು ಉರಿಸಿ, ಅನ್ನದ ಅಗುಳನ್ನು ಬೆರಳಲ್ಲಿ ಹಿಸುಕಿ ತಿನ್ನಿಸಿ ಬದುಕಿಸಿದಳು. ಅಂಗೈಯಿಂದಲ್ಲದೆ ನೆಲದಿಂದ ತಿನ್ನುವ ಅಭ್ಯಾಸ ಅದಕ್ಕೆ ಆಗಲೇ ಇಲ್ಲ. ಅವಳು ನಾಲಿಗೆಯಿಂದ ಟೊಕ್ ಟೊಕ್ ಎಂದು ಸದ್ದು ಮಾಡಿ, ನಮ್ಮ ಕೊಂಕಣಿಯಲ್ಲಿ “ಯೇ, ಯೇ,” ಎಂದು ಕರೆದರೆ ಎಲ್ಲಿದ್ದರೂ ಓಡಿ ಬಂದು ಅವಳ ಪಾದದ ಮೇಲೆ ಹತ್ತಿ ನಿಲ್ಲುತ್ತಿತ್ತು. ಮನೆಯಲ್ಲಿ ಅವಳು ಕರೆದ ಕೂಡಲೇ ಬರುವ ಗಂಡು ಜೀವ ಅದೊಂದೇ ಎಂದು ಅವಳು ಬಂದವರೆದುರೆಲ್ಲ ಹೇಳುತ್ತಿದ್ದಳು.

ಪಕ್ಕದ ಮನೆಯ ಮಹಾಬಲ ನನಗಿಂತ ಹತ್ತು ವರ್ಷ ಚಿಕ್ಕವನು. ಪಂಚಾಯತಿನಲ್ಲಿ ವಿರೋಧ ಪಕ್ಷದ ಮೆಂಬರು, ಬೇಲಿಯ ಬಳಿ ನನ್ನ ದೋಸ್ತಿ, ಈ ಕಡೆ ಕೊಂಕಣಿ ಕ್ರಿಸ್ತುವರನ್ನು ಕರೆಯುವ ಹಾಗೆ ನನ್ನನ್ನು ‘ಪೊರ್ಬುಗಳು’ ಎಂದೇ ಕರೆಯುವವನು. ಕೋಳಿಅಂಕದ ಹುಚ್ಚು ಅವನಿಗೆ. ನಮ್ಮ ಕಡೆ ಹುಂಜದ ಕಾಲಿಗೆ ‘ಬಾಳು’ ಎಂಬ ಸಣ್ಣ ಕತ್ತಿ ಕಟ್ಟಿ ಕಾದಾಡಿಸುವ ಆಟವದು. ಕಾನೂನು ಬೇಡವೆನ್ನುತ್ತದೆ, ಗಂಡಸರು ಬೇಕೆನ್ನುತ್ತಾರೆ. ಸೋತ ಕೋಳಿ ಗೆದ್ದವನ ಸಾರಿನ ಪಾತ್ರೆಗೆ ಹೋಗುತ್ತದೆ. ಒಂದು ದಿನ ಮಹಾಬಲ ಬೇಲಿಯಾಚೆಯಿಂದ ಕಪ್ತಾನನನ್ನು ಮೇಲಿಂದ ಕೆಳಗೆ ನೋಡಿದ.

“ಪೊರ್ಬುಗಳೇ, ನಿಮ್ಮ ಕೋಳಿ ನೋಡ್ಲಿಕ್ಕೆ ಜೋರುಂಟು. ಆದ್ರೆ ಫೋಟೋಕ್ಕೆ ಮಾತ್ರ.”

“ಎಂತಕ್ಕೆ ಮಾರಾಯ?”

“ಹೆಂಗಸರು ಸಾಕಿದ್ದಲ್ವಾ. ಧೈರ್ಯ ಎಲ್ಲಿಂದ ಬರ್ಬೇಕು?”

ಅವನು ಕೋಳಿಯ ಬಗ್ಗೆ ಹೇಳಿದನೋ ನನ್ನ ಬಗ್ಗೆ ಹೇಳಿದನೋ, ನನಗೆ ಮಾತ್ರ ಎಲ್ಲೋ ಚುಚ್ಚಿತು. 2017ರ ಫೆಬ್ರವರಿಯ ಒಂದು ಆದಿತ್ಯವಾರ ಹಿಲ್ಡಾ ಯಾವುದೋ ತರಬೇತಿಗೆಂದು ಕಾಸರಗೋಡಿಗೆ ಹೋಗಿದ್ದಳು. ನಾನು ಕಪ್ತಾನನನ್ನು ಪೈಂಟಿನ ಕಂಪನಿಯವರು ಕೊಟ್ಟ ಕೈಚೀಲದಲ್ಲಿ ಹಾಕಿಕೊಂಡು, ತಲೆ ಮಾತ್ರ ಹೊರಗೆ ಬಿಟ್ಟು, ಮಹಾಬಲನ ಹಿಂದೆ ಅಂಕ ನಡೆಯುವ ಗೇರುಗುಡ್ಡೆಗೆ ಹೋದೆ. ಐವತ್ತಾರು ವರ್ಷದ ಗಂಡಸಿನ ಬುದ್ಧಿ ಇಷ್ಟು.

ಬಾಳು ಕಟ್ಟುವ ಕೂಸಪ್ಪ ಕಪ್ತಾನನ ಕಾಲು ಹಿಡಿದು ನೂಲು ಸುತ್ತಲು ಶುರುಮಾಡಿದ್ದ, ಅಷ್ಟರಲ್ಲಿ ಯಾರೋ “ಪೊಲೀಸ್!” ಎಂದರು. ಮುಂದಿನದ್ದು ನನಗೆ ಸರಿಯಾಗಿ ನೆನಪಿಲ್ಲ. ಮುಳ್ಳುತಂತಿಯ ಬೇಲಿಯೊಂದನ್ನು ನಾನು ಹಾರಿದ್ದೇನೆ ಎಂಬುದಕ್ಕೆ ನನ್ನ ಪಂಚೆಯೇ ಸಾಕ್ಷಿ. ಅದರ ಅರ್ಧ ಅಲ್ಲೇ ಉಳಿಯಿತು. ಎಂಬತ್ತು ಗಂಡಸರಲ್ಲಿ ಒಬ್ಬನೂ ಸಿಕ್ಕಲಿಲ್ಲ. ಓಡದೆ ನಿಂತದ್ದು ಇಪ್ಪತ್ತಮೂರು ಕೋಳಿಗಳು ಮಾತ್ರ.

ಸಂಜೆ ಹಿಲ್ಡಾ ಬಂದು ಅಂಗಳದಲ್ಲಿ ಟೊಕ್ ಟೊಕ್ ಎಂದಳು. ಮತ್ತೆ ಎಂದಳು. ಆಮೇಲೆ ನನ್ನ ಮುಖ ನೋಡಿದಳು.

“ನರಿ ಕೊಂಡುಹೋಯ್ತು,” ಎಂದೆ. “ನಾನು ಕಣ್ಣಾರೆ ನೋಡಿದೆ.”

ಹಿಲ್ಡಾ ಚುನಾವಣೆಯ ದಿನವೂ ಅತ್ತವಳಲ್ಲ. ಅವತ್ತು ಅಡುಗೆಕೋಣೆಯ ಮೆಟ್ಟಿಲಲ್ಲಿ ಕುಳಿತು ಅತ್ತಳು. ಮರುದಿನ ಬೆಳಿಗ್ಗೆ ತೋಡಿನ ಬದಿಯೆಲ್ಲ ಹುಡುಕಿ ಒಂದು ಬಿಳಿ ಗರಿ ತಂದು, ತೊಳೆದು ಒಣಗಿಸಿ, ತನ್ನ ಪ್ರಾರ್ಥನೆಯ ಪುಸ್ತಕದಲ್ಲಿಟ್ಟಳು. ಅದು ಕೊಕ್ಕರೆಯ ಗರಿ ಎಂದು ನನಗೆ ಗೊತ್ತಿತ್ತು. ಹೇಳಲು ಬಾಯಿ ಬರಲಿಲ್ಲ. ನನ್ನಷ್ಟು ನೀಚ ಈ ತಾಲೂಕಿನಲ್ಲಿ ಇಲ್ಲವೆಂದು ನನಗೇ ಅನಿಸಿತು.

ನಿಜ ಹೇಳಿಬಿಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಅಲ್ಲೇ ಇದ್ದದ್ದು ತೊಂದರೆ. ಪಂಚಾಯತಿನಲ್ಲಿ ಹಿಲ್ಡಾಳ ಕಡೆ ಎಂಟು ಮಂದಿ, ಎದುರು ಕಡೆ ಏಳು. ಎಂಟರಲ್ಲಿ ಒಬ್ಬ ಯಾವಾಗಲೂ ಬೇಲಿಯ ಮೇಲೆ ಕುಳಿತವನು, ಯಾವ ಕಡೆಗೂ ಹಾರಿಯಾನು. ಪ್ರೆಸಿಡೆಂಟರ ಗಂಡ ಕೋಳಿಅಂಕದ ಕೇಸಿನಲ್ಲಿ ಎಂದು ಒಂದು ಸಾಲು ಪತ್ರಿಕೆಯಲ್ಲಿ ಬಂದರೆ ಅವಿಶ್ವಾಸ ಗೊತ್ತುವಳಿ ಬರುತ್ತದೆ, ಹಿಲ್ಡಾಳ ಕುರ್ಚಿ ಹೋಗುತ್ತದೆ, ಮೀನಿನ ಹೆಂಗಸರ ಮಾಡೂ ಅದರ ಜೊತೆ ಹೋಗುತ್ತದೆ. ಮಹಾಬಲನೇ ನನಗೆ ಚಹಾದಂಗಡಿಯಲ್ಲಿ ಇದನ್ನು ವಿವರಿಸಿದ.

“ನಿಮ್ಮ ಹೆಸರು ಹೊರಗೆ ಬಂದ್ರೆ ನಾನು ಸುಮ್ಮನೆ ಕೂತ್ಕೊಳ್ಲಿಕ್ಕೆ ಆಗುದಿಲ್ಲ ಪೊರ್ಬುಗಳೇ. ಪಾರ್ಟಿ ಅಂತ ಒಂದು ಉಂಟಲ್ಲ.”

“ನೀನೂ ಅಲ್ಲಿದ್ದಿ ಅಲ್ವಾ ಮಾರಾಯ! ಕರ್ಕೊಂಡು ಹೋದದ್ದೇ ನೀನು!”

“ನಾನಿದ್ದೆ ಅಂತ ಹೇಳ್ಬೇಕಾದ್ರೆ ಹೇಳುವವನೂ ಅಲ್ಲಿ ಇದ್ದಿರ್ಬೇಕಲ್ಲ,” ಎಂದು ಅವನು ಚಹಾದ ಲೋಟ ಕೆಳಗಿಟ್ಟು ನಕ್ಕ. “ಹೇಳಿ ನೋಡಿ.”

ಪಂಚಾಯತು ಆಫೀಸಿಗೂ ಪೊಲೀಸ್ ಠಾಣೆಗೂ ನಡುವೆ ಒಂದೇ ಗೋಡೆ. ಹಿಡಿದ ಕೋಳಿಗಳನ್ನು ಕೋರ್ಟಿನ ಅಪ್ಪಣೆ ಬರುವ ತನಕ ಠಾಣೆಯಲ್ಲೇ ಇಟ್ಟುಕೊಳ್ಳಬೇಕಂತೆ. ಪೊಲೀಸರ ಮಾತಿನಲ್ಲಿ ಕೇಸಿನ ಇಂಥ ವಸ್ತುವಿಗೆ ‘ತೊಂಡಿ’ ಎನ್ನುತ್ತಾರೆ. ಇಪ್ಪತ್ತಮೂರು ತೊಂಡಿಗಳ ಕಾಲಿಗೂ ನಂಬರಿನ ಚೀಟಿ ಕಟ್ಟಿ, ಆ ಗೋಡೆಯ ಬುಡದಲ್ಲಿ ಸಾಲಾಗಿ ಗೂಟಕ್ಕೆ ಬಿಗಿದಿದ್ದರು. ಮಂಗಳವಾರ ಆಡಳಿತ ಸಮಿತಿಯ ಸಭೆ. ಹಿಲ್ಡಾ “ಗೌರವಾನ್ವಿತ ಸದಸ್ಯರೇ,” ಎಂದ ಕೂಡಲೇ ಒಂದು ಹುಂಜ ಕೂಗಿತಂತೆ. ಅದಕ್ಕೆ ಇನ್ನೊಂದು ಉತ್ತರ ಕೊಟ್ಟಿತು. ಕುಡಿಯುವ ನೀರಿನ ವಿಷಯಕ್ಕೆ ಬರುವಾಗ ಇಪ್ಪತ್ತಮೂರೂ ಸೇರಿಕೊಂಡವು. ಸಭೆ ಮುಂದೂಡಬೇಕಾಯಿತು. ಹಿಲ್ಡಾ ಸೆಕ್ರೆಟರಿಯನ್ನು ಕರೆದು ನೋಟೀಸು ಬರೆಸಿದಳು: ‘ಪರವಾನಗಿ ಪಡೆಯದೆ ಠಾಣೆಯ ಆವರಣದಲ್ಲಿ ಕೋಳಿ ಫಾರ್ಮು ನಡೆಸುತ್ತಿರುವ ಕುರಿತು.’

ಸೆಕ್ರೆಟರಿ ತಲೆ ಕೆರೆದುಕೊಂಡರು. “ಮೇಡಂ, ಇಷ್ಟು ಕಡಿಮೆ ಕೋಳಿಗೆ ಪರವಾನಗಿ ಬೇಡ.”

“ಇವತ್ತು ಕಡಿಮೆ. ನಾಳೆ ಮರಿ ಇಟ್ಟು ಜಾಸ್ತಿ ಆಗ್ತದಲ್ಲ?”

“ಎಲ್ಲವೂ ಹುಂಜ ಮೇಡಂ.”

“ನೀವು ಬರೀರಿ.”

ಪಂಚಾಯತಿನ ಪ್ಯೂನ್ ಅಂದು ರಜೆ. ಹಾಗಾಗಿ ನೋಟೀಸು ಹಿಡಿದುಕೊಂಡು ಠಾಣೆಗೆ ಹೋಗುವ ಭಾಗ್ಯ ಪ್ರೆಸಿಡೆಂಟರ ಗಂಡನದ್ದಾಯಿತು. ಆ ಹಲಗೆಯ ಮೇಲೆ ದಾಟಿ ಒಳಗೆ ಹೋದೆ. ಸಾಲಿನಲ್ಲಿ ಹದಿನೇಳನೆಯದು ಕಪ್ತಾನ. ಜಂಬಿಟ್ಟಿಗೆಯ ಕೆಂಪು ಮಣ್ಣಿನ ಧೂಳಿನಲ್ಲಿ ಹೊರಳಿ ಹೊರಳಿ ಬಿಳಿ ಬಣ್ಣವೆಲ್ಲ ಹೋಗಿ ಕಾವಿ ಉಟ್ಟ ಸನ್ಯಾಸಿಯಂತಾಗಿತ್ತು. ಎಡಗಾಲಿನ ಡೊಂಕು ಬೆರಳಿಲ್ಲದಿದ್ದರೆ ನನಗೂ ಗುರುತು ಹತ್ತುತ್ತಿರಲಿಲ್ಲ. ಅದಕ್ಕೆ ಮಾತ್ರ ನನ್ನ ಗುರುತು ಹತ್ತಿತು. ಹಗ್ಗ ಜಗ್ಗಿ ನನ್ನ ಕಡೆಗೆ ಬರಲು ನೋಡಿತು.

ಎಸ್ಸೈ ಕುರುವಿಳ ನೋಟೀಸು ಓದುವುದನ್ನು ಬಿಟ್ಟು ಕೋಳಿಯನ್ನು ನೋಡಿದರು, ನನ್ನನ್ನು ನೋಡಿದರು. ಕಾಸರಗೋಡಿಗೆ ಬಂದ ಮೇಲೆ ಕಲಿತ ಕನ್ನಡದಲ್ಲಿ ಕೇಳಿದರು. “ಸಿಮೋನ್ ಚೇಟ್ಟಾ, ಈ ಹದಿನೇಳು ನಿಮ್ಮ ಪರಿಚಯವೋ?”

“ನಾನು ಅದನ್ನು ಅರಿಯೆನು ಸಾರ್,” ಎಂದೆ.

ಹೆದರಿಕೆಗೆ ಬಾಯಿಂದ ಇಗರ್ಜಿಯ ಕನ್ನಡವೇ ಬಂದುಬಿಟ್ಟಿತು. ಎಸ್ಸೈ ಹುಬ್ಬು ಏರಿಸಿ ಮತ್ತೆ ನೋಟೀಸು ಓದತೊಡಗಿದರು. ಹೊರಗೆ ಕೋಳಿಗಳಿಗೆ ಅಕ್ಕಿ ಹಾಕುತ್ತಿದ್ದ ಕಾನ್‌ಸ್ಟೇಬಲ್ ಚೆನ್ನಪ್ಪ ನಮ್ಮ ಊರಿನವನೇ. ಅವನು ನನ್ನ ಹತ್ತಿರ ಬಂದು ಪಿಸುಗುಟ್ಟಿದ. “ಆ ಹದಿನೇಳು ಮೂರು ದಿನದಿಂದ ಒಂದು ಕಾಳು ಮುಟ್ಟಲಿಲ್ಲ ಪೊರ್ಬುಗಳೇ. ನೆಲಕ್ಕೆ ಹಾಕಿದ್ರೆ ನೋಡುದೇ ಇಲ್ಲ. ಹೀಗೇ ಆದ್ರೆ ಸಾಯ್ತದೆ. ಯಾರದ್ದಂತ ಗೊತ್ತಿದ್ರೆ ಹೇಳಿ, ಅವರೊಂದು ಸೈನ್ ಹಾಕಿ ಒಪ್ಪಿಕೊಳ್ಳಲಿ. ಜೀವ ಉಳೀತದೆ.”

ನಾನು ತಿರುಗಿ ನೋಡದೆ ಹೊರಗೆ ಬಂದೆ. ಸ್ಕೂಟರ್ ಶುರುವಾಗಲು ಏಳು ಸಲ ಒದೆಯಬೇಕಾಯಿತು. ಅದಕ್ಕೂ ನನ್ನ ಮೇಲೆ ಅಸಹ್ಯ ಬಂದಿರಬೇಕು.

ಎಸ್ಸೈಯ ಉತ್ತರ ಮರುದಿನ ಬಂತು. ‘ಠಾಣೆಯಲ್ಲಿ ಕೋಳಿಗಳಿಲ್ಲ. ಇರುವುದು ತೊಂಡಿ. ತೊಂಡಿ ಕೂಗಿದರೆ ಅದು ಪಂಚಾಯತಿನ ಅಧಿಕಾರದ ವ್ಯಾಪ್ತಿಗೆ ಬರುವುದಿಲ್ಲ.’ ಹಿಲ್ಡಾ ಅದನ್ನು ಎರಡು ಸಲ ಓದಿ, ಹೆಲ್ತ್ ಇನ್‌ಸ್ಪೆಕ್ಟರನ್ನು ಕರೆದುಕೊಂಡು ತಾನೇ ಖುದ್ದು ಪರಿಶೀಲನೆಗೆ ಹೋಗುವುದೆಂದು ತೀರ್ಮಾನಿಸಿದಳು. ಶುಕ್ರವಾರ ಹತ್ತೂವರೆಗೆ. ಲೋಕಲ್ ಚಾನೆಲಿನ ಕ್ಯಾಮೆರಾದವನಿಗೂ ಹೇಳಿದಳು.

ಗುರುವಾರ ಸಂಜೆ ಅವಳು ಬೂತಾಯಿ ತೊಳೆಯುತ್ತಾ ತಲೆಯೆತ್ತದೆ ಕೇಳಿದಳು. “ಓಯ್, ಚೆನ್ನಪ್ಪನ ಹೆಂಡತಿ ಸಿಕ್ಕಿದ್ಲು. ಠಾಣೆಯಲ್ಲಿ ಒಂದು ಕೋಳಿ ನೆಲದಿಂದ ತಿನ್ನುದಿಲ್ವಂತೆ.”

ನಾನು ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದೆ.

“ನಮ್ಮ ಕಪ್ತಾನನ ಹಾಗೆ ಅಲ್ವಾ?”

“ಅದು ಬೇರೆ. ಅದರ ಬಣ್ಣ ಕೆಂಪು. ನನಗೆ ಆ ಕೋಳಿಯ ಗುರುತೇ ಇಲ್ಲ.”

“ನೀವು ನರಿಯನ್ನು ನೋಡಿದ್ದು ಸತ್ಯ ತಾನೇ?”

“ಬಾಯಲ್ಲಿ ಕಚ್ಚಿಕೊಂಡು ಹೋದದ್ದನ್ನು ನೋಡಿದೆ ಅಂತ ಹೇಳಿದೆನಲ್ಲ.”

ಅವಳು ಕೈ ತೊಳೆದುಕೊಂಡು ಒಳಗೆ ಹೋದಳು. ನಂಬಿದಳು. ಅದೇ ನನಗೆ ಹೆಚ್ಚು ನೋವಾದದ್ದು. ನಂಬದೆ ನಾಲ್ಕು ಬೈದಿದ್ದರೆ ಸಮಾಧಾನವಾಗುತ್ತಿತ್ತು.

ಶುಕ್ರವಾರ ಹತ್ತೂವರೆಗೆ ಪೇಟೆಗೆ ಪೇಟೆಯೇ ಠಾಣೆಯ ಎದುರು ಬಂದು ನಿಂತಿತ್ತು. ಐದು ಮಂದಿ ಮೀನಿನ ಹೆಂಗಸರು ಖಾಲಿ ಬುಟ್ಟಿಯ ಸಮೇತ ಬಂದಿದ್ದರು. ನಮ್ಮ ಇಗರ್ಜಿಯ ಗಾಯನ ಮಂಡಳಿಯ ಡೈಸಿಬಾಯಿ ಕೊಡೆ ಹಿಡಿದುಕೊಂಡು ಮುಂದೆಯೇ ಇದ್ದಳು. ಮಹಾಬಲ ಗೋಡೆಯ ಹೊರಗೆ ಒಂದು ಕಲ್ಲಿನ ಮೇಲೆ ಹತ್ತಿ, ಕೈಕಟ್ಟಿ ನಿಂತಿದ್ದ. ಉಳಿದ ಗಂಡಸರಲ್ಲಿ ಅರ್ಧಕ್ಕರ್ಧ ಜನರನ್ನು ನಾನು ಕಳೆದ ಆದಿತ್ಯವಾರ ಗೇರುಗುಡ್ಡೆಯಲ್ಲಿ ನೋಡಿದ್ದೆ. ತಮ್ಮ ತಮ್ಮ ಕೋಳಿ ಬದುಕಿದೆಯೇ ಎಂದು ನೋಡಲು ಬಂದವರು ಅವರು. ನಾನು ಹೆಲ್ತ್ ಇನ್‌ಸ್ಪೆಕ್ಟರರ ಬೆನ್ನಿನ ಹಿಂದೆ ಅಡಗಿಕೊಂಡೆ. ಅವರು ಸಪೂರದ ಮನುಷ್ಯ, ಪ್ರಯೋಜನವಾಗಲಿಲ್ಲ.

ಹಿಲ್ಡಾ ಬಿಳಿ ಸೀರೆಯುಟ್ಟು ಹಲಗೆ ದಾಟಿ ಬಂದಳು. ಎಸ್ಸೈ ಟೋಪಿ ಸರಿಮಾಡಿಕೊಂಡು ಎದುರಾದರು.

“ಬನ್ನಿ ಮೇಡಂ. ತೊಂಡಿ ನೋಡಿ.”

“ಕೋಳಿ ನೋಡ್ಲಿಕ್ಕೆ ಬಂದದ್ದು ನಾನು,” ಎಂದಳು ಹಿಲ್ಡಾ.

ಸಾಲಿನ ಉದ್ದಕ್ಕೂ ನಡೆದಳು. ಇಲ್ಲಿ ನೀರಿಲ್ಲ, ಅಲ್ಲಿ ನೆರಳಿಲ್ಲ, ಇಲ್ಲಿ ಹಿಕ್ಕೆ ಬಳಿದಿಲ್ಲ ಎಂದು ಒಂದೊಂದನ್ನೇ ಹೇಳುತ್ತಾ ಹೋದಳು. ಸೆಕ್ರೆಟರಿ ಬರೆದುಕೊಂಡರು. ಹದಿನೇಳರ ಎದುರು ಅವಳ ಕಾಲು ನಿಂತಿತು. ಕೆಂಪು ಧೂಳಿನಲ್ಲಿ ಕುಕ್ಕರಿಸಿ, ಕಣ್ಣು ಅರ್ಧ ಮುಚ್ಚಿಕೊಂಡು, ಎದುರಿಗೆ ಚೆಲ್ಲಿದ ಅಕ್ಕಿಯ ಕಡೆ ನೋಡದೆ ಇತ್ತು ಆ ಬಡಪಾಯಿ. ಹಿಲ್ಡಾಳಿಗೆ ಗುರುತು ಸಿಗಲಿಲ್ಲ. ಆದರೆ ಹಸಿದ ಪ್ರಾಣಿಯನ್ನು ಕಂಡರೆ ಅವಳ ನಾಲಿಗೆ ಅವಳ ಮಾತು ಕೇಳುವುದಿಲ್ಲ. ಬಗ್ಗಿ, ಅಂಗೈ ಮುಂದೆ ಚಾಚಿ, “ಟೊಕ್ ಟೊಕ್… ಯೇ, ಯೇ,” ಎಂದಳು.

ಕಪ್ತಾನ ಎದ್ದು ನಿಂತ. ಒಂದು ಸಲ ಕತ್ತು ಡೊಂಕು ಮಾಡಿ ನೋಡಿದ. ಮರುಕ್ಷಣ ಗೂಟ ಕಿತ್ತುಕೊಂಡು, ಹಗ್ಗ ಎಳೆದುಕೊಂಡು ಓಡಿ ಬಂದು ಹಿಲ್ಡಾಳ ಪಾದದ ಮೇಲೆ ಹತ್ತಿ ನಿಂತ. ಎರಡು ರೆಕ್ಕೆ ಬಡಿದ. ಧೂಳು ಹಾರಿತು, ಒಳಗಿನ ಬಿಳಿ ಬಣ್ಣ ಕಾಣಿಸಿತು.

ಕ್ಯಾಮೆರಾದವನು ಎರಡು ಹೆಜ್ಜೆ ಮುಂದೆ ಬಂದ.

“ಮೇಡಂ,” ಎಂದರು ಎಸ್ಸೈ ನಿಧಾನವಾಗಿ. ವರ್ಷವಿಡೀ ಕಾದ ಮೀನು ಗಾಳಕ್ಕೆ ಬಿದ್ದ ಸಂತೋಷ ಅವರ ಮುಖದಲ್ಲಿತ್ತು. “ತೊಂಡಿ ನಿಮ್ಮನ್ನು ಗುರ್ತು ಹಿಡಿಯಿತು.”

ಹಿಲ್ಡಾ ಕಪ್ತಾನನ ಡೊಂಕು ಬೆರಳನ್ನು ಮುಟ್ಟಿ ನೋಡಿದಳು. ಆಮೇಲೆ ಹೆಲ್ತ್ ಇನ್‌ಸ್ಪೆಕ್ಟರರ ಹಿಂದೆ ನೋಡಿದಳು.

“ಸಿಮೋನ್ ಮೊಂತೇರೊ.”

ನಮ್ಮ ಮನೆಯಲ್ಲಿ ನನ್ನ ಪೂರ್ತಿ ಹೆಸರು ಬಂದರೆ ಅದು ಒಳ್ಳೆಯದಕ್ಕಲ್ಲ. ನಾನು ಹೊರಗೆ ಬಂದೆ.

“ಇದು ನಮ್ಮ ಕಪ್ತಾನ ಅಲ್ವಾ?”

ಹೌದು ಎಂದರೆ ಅವಳ ಕುರ್ಚಿ ಹೋಗುತ್ತದೆ. ಎದುರಿಗೆ ಎಸ್ಸೈ, ಪಕ್ಕದಲ್ಲಿ ಕ್ಯಾಮೆರಾ, ಕಲ್ಲಿನ ಮೇಲೆ ಮಹಾಬಲ. ಅವಳಿಗಾಗಿಯೇ ಹೇಳುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಅರ್ಧ ನಿಜ ಅದು. ಉಳಿದರ್ಧ ನನ್ನ ಮಾನದ ಚಿಂತೆ. ಗಂಟಲು ತಾನಾಗಿಯೇ ನಡುಗಿತು.

“ನಾನು ಅದನ್ನು ಅರಿಯೆನು,” ಎಂದೆ.

ಕಪ್ತಾನ ಕತ್ತು ಆಕಾಶಕ್ಕೆತ್ತಿ ಕೂಗಿದ. ಐದು ದಿನ ಉಪವಾಸವಿದ್ದ ಕೋಳಿಗೆ ಅಷ್ಟು ಸ್ವರ ಎಲ್ಲಿತ್ತೋ, ಮೈಲಿಗಟ್ಟಲೆ ಆಚೆಯ ಬಾಯಾರು ಊರಿಗೂ ಕೇಳಿಸಿರಬಹುದು.

ಮೊದಲು ನಕ್ಕದ್ದು ಡೈಸಿಬಾಯಿ. ಕೊಡೆ ಕೈಯಿಂದ ಬಿತ್ತು. “ಜೆಜು! ನಮ್ಮ ಸಾಂ ಪೆದ್ರು, ನಮ್ಮ ಸಂತ ಪೇತ್ರ!” ಎಂದು ಹೊಟ್ಟೆ ಹಿಡಿದುಕೊಂಡು ಅಲ್ಲೇ ಕುಳಿತಳು. ಇಗರ್ಜಿಗೆ ಬರುವವರೆಲ್ಲ ನಕ್ಕರು. ಬಾರದವರಿಗೆ ಅವರು ವಿವರಿಸಿದರು, ಆಮೇಲೆ ಅವರೂ ನಕ್ಕರು. ಎಸ್ಸೈ ಕುರುವಿಳರೂ ಕೋಟ್ಟಯಂನ ನಸ್ರಾಣಿ ಕ್ರಿಸ್ತುವರ ಮನೆಯವರೇ. ಅವರು ತಡೆದುಕೊಳ್ಳಲು ತುಂಬ ಪ್ರಯತ್ನಪಟ್ಟರು. ಕೊನೆಗೆ ಗೋಡೆಯ ಕಡೆ ತಿರುಗಿ ನಿಂತರು, ಅವರ ಹೆಗಲು ಕುಣಿಯುವುದು ಎಲ್ಲರಿಗೂ ಕಾಣುತ್ತಿತ್ತು. ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು.

ನಗದವಳು ಹಿಲ್ಡಾ ಒಬ್ಬಳೇ. ಕಪ್ತಾನನನ್ನು ಎತ್ತಿ ಕಂಕುಳಲ್ಲಿಟ್ಟುಕೊಂಡಳು. ಸೀರೆಯೆಲ್ಲ ಕೆಂಪಾಯಿತು.

“ಸಾರ್, ಬರೆದುಕೊಳ್ಳಿ,” ಎಂದಳು. “ಹದಿನೇಳನೇ ನಂಬರಿನ ಕೋಳಿ ನಮ್ಮದು. ನಾನು ಸಾಕಿದ್ದು. ಅಂಕಕ್ಕೆ ಕೊಂಡುಹೋದದ್ದು ನನ್ನ ಗಂಡ. ಕೇಸ್ ಹಾಕಿ. ಎಲ್ಲಿ ಸೈನ್ ಹಾಕ್ಬೇಕು, ಹೇಳಿ.”

ನಗು ನಿಂತಿತು. ಎಸ್ಸೈ ತಿರುಗಿ ನೋಡಿದರು, ಕಣ್ಣಲ್ಲಿನ್ನೂ ನೀರಿತ್ತು. ಅವರಿಗೇನು ಹೇಳಬೇಕೆಂದು ತೋಚಲಿಲ್ಲ.

ತೋಚಿದ್ದು ಮಹಾಬಲನಿಗೆ. ಇದೇ ಸಮಯವೆಂದು ಅವನು ಕಲ್ಲಿನ ಮೇಲೆ ನಿಂತು ಕೈ ಎತ್ತಿ ಕೂಗಿದ. “ಜೂಜುಕೋರರ ಪ್ರೆಸಿಡೆಂಟ್ ರಾಜೀನಾಮೆ ಕೊಡ್ಬೇಕು! ಕೊಡ್ಲೇಬೇಕು!”

ಸಾಲಿನಲ್ಲಿದ್ದ ಒಂಬತ್ತನೇ ನಂಬರಿನ ಕರಿಕೋಳಿಗೆ ಆ ಸ್ವರ ಚೆನ್ನಾಗಿ ಗೊತ್ತಿತ್ತು. ದಿನಾ ಬೆಳಿಗ್ಗೆ ರಾಗಿ ತಿನ್ನಿಸುವವನ ಸ್ವರ. ಅದು ಒಂದೇ ನೆಗೆತಕ್ಕೆ ಗೋಡೆಯ ಮೇಲೆ ಹಾರಿ, ಹಗ್ಗ ಸಾಲದೆ ಹೋದಾಗ ಗೂಟವನ್ನೂ ಎಳೆದುಕೊಂಡು, ಮಹಾಬಲನ ಹೆಗಲ ಮೇಲೆ ಹೋಗಿ ಕುಳಿತಿತು. ಅವನು ‘ರಾಜೀ’ ಎಂದವನು ಮುಂದೆ ಹೇಳಲಿಲ್ಲ.

“ಸಾರ್,” ಎಂದ ಚೆನ್ನಪ್ಪ ಪುಸ್ತಕ ನೋಡಿ. “ಒಂಬತ್ತು.”

“ಬರೆದುಕೋ,” ಎಂದರು ಎಸ್ಸೈ.

ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಮ್ಮ ಪೇಟೆಯ ಗಂಡಸರು ಅವತ್ತು ಬಾಯಿಗೆ ಕೈ ಅಡ್ಡ ಹಿಡಿದರು. ಒಬ್ಬನೂ ಒಂದು ಶಬ್ದ ಮಾತಾಡದೆ, ಕೆಮ್ಮದೆ, ಹಿಮ್ಮುಖವಾಗಿ ನಡೆದು ಮಾಯವಾದರು. ಎರಡು ನಿಮಿಷದಲ್ಲಿ ಉಳಿದದ್ದು ಹೆಂಗಸರು ಮಾತ್ರ.

ಹಿಲ್ಡಾ ಠಾಣೆಯ ಮೇಜಿನ ಮೇಲೆ ಹೇಳಿಕೆಗೆ ಸೈನ್ ಹಾಕಿದಳು. ಕಪ್ತಾನನಿಗೆ ಅಂಗೈಯಿಂದ ಅಕ್ಕಿ ತಿನ್ನಿಸಿ, ಕೋರ್ಟಿನ ಅಪ್ಪಣೆ ಬರುವ ತನಕ ಇಲ್ಲೇ ಇರಲಿ, ಹೀಗೆಯೇ ಅಂಗೈಯಿಂದ ತಿನ್ನಿಸು ಎಂದು ಚೆನ್ನಪ್ಪನ ಕೈಗೆ ಕೊಟ್ಟಳು. ಆಮೇಲೆ ತನ್ನ ನೋಟೀಸನ್ನು ಎಸ್ಸೈಯ ಎದುರು ಸರಿಸಿದಳು.

“ನನ್ನ ಮನೆಯ ತಪ್ಪಿಗೆ ನಾನು ಸೈನ್ ಹಾಕಿದೆ. ನೀರು, ನೆರಳು ಕೊಡದ್ದಕ್ಕೆ ನೀವು ಹಾಕಿ. ಆ ಐದು ಮಂದಿಯ ಹೊಟ್ಟೆಯ ವಿಷಯ ಆಮೇಲೆ ಮಾತಾಡುವ.”

ಕುರುವಿಳ ಪೆನ್ನು ತೆಗೆದುಕೊಂಡು ಸೈನ್ ಹಾಕಿದರು. ಮತ್ತೆ ಹೇಳಿದರು. “ಹದಿನಾರು ವರ್ಷ ಸರ್ವೀಸ್ ಆಯಿತು ಮೇಡಂ. ನನ್ನದಲ್ಲ, ನನ್ನದಲ್ಲ ಎಂದು ಹೇಳುವವರನ್ನೇ ಕಂಡದ್ದು. ನನ್ನದು ಎಂದವರು ನೀವೇ ಮೊದಲು.” ಆ ಮಾತು ಕೇಳಿ ನನಗೆ ಹೆಮ್ಮೆಯೂ ಆಯಿತು, ಅಳುವೂ ಬಂತು.

ಮುಂದಿನ ವಾರ ಮೀನಿನ ಬುಟ್ಟಿಗಳು ಕಟ್ಟೆಯ ಬದಿಗೆ ವಾಪಸು ಬಂದವು, ಚರಂಡಿಗೆ ಚಪ್ಪಡಿ ಬಿತ್ತು, ಠಾಣೆಯ ಎದುರಿನ ದೀಪ ಉರಿಯಿತು. ಅವಿಶ್ವಾಸ ಗೊತ್ತುವಳಿ ಬರಲೇ ಇಲ್ಲ. ಅದನ್ನು ಮಂಡಿಸಬೇಕಾದವನು ಕಾಸರಗೋಡಿನ ಕೋರ್ಟಿನಲ್ಲಿ ನನ್ನ ಪಕ್ಕದಲ್ಲೇ ಎರಡನೇ ಆರೋಪಿಯಾಗಿ ನಿಂತಿದ್ದ. ಇಬ್ಬರೂ ದಂಡ ಕಟ್ಟಿ ಒಂದೇ ಬಸ್ಸಿನಲ್ಲಿ ಬಂದೆವು, ಮಾತಾಡಲಿಲ್ಲ. ಕೋಳಿಗಳನ್ನು ಕೋರ್ಟಿನ ಅಪ್ಪಣೆಯಂತೆ ಠಾಣೆಯ ಅಂಗಳದಲ್ಲೇ ಹರಾಜು ಹಾಕಿದರು. ಅಂಥ ಹರಾಜು ನಾನು ನೋಡಿಲ್ಲ. ಬಾಯಿ ಬಿಟ್ಟರೆ ಯಾವ ಕೋಳಿ ಎಲ್ಲಿಂದ ಹಾರಿ ಬಂದೀತೋ ಎಂದು ಗಂಡಸರೆಲ್ಲ ಬೆರಳಲ್ಲೇ ಸನ್ನೆ ಮಾಡುತ್ತಿದ್ದರು. ಹದಿನೇಳು ಬಂದಾಗ ಹಿಲ್ಡಾ ಮಾತ್ರ ಗಟ್ಟಿಯಾಗಿ ಕೂಗಿದಳು. ಅವಳೆದುರು ಯಾವ ಬೆರಳೂ ಏಳಲಿಲ್ಲ.

ಆದರೆ ಮನೆಯಲ್ಲಿ ನನಗೆ ಮಾತಿರಲಿಲ್ಲ. ಪರಿಶೀಲನೆಯ ದಿನ ಮಧ್ಯಾಹ್ನವೇ ಅವಳು ಪ್ರಾರ್ಥನೆಯ ಪುಸ್ತಕದಿಂದ ಆ ಕೊಕ್ಕರೆಯ ಗರಿಯನ್ನು ತೆಗೆದು ನನ್ನ ಊಟದ ತಟ್ಟೆಯಲ್ಲಿಟ್ಟು ಹೋಗಿದ್ದಳು. ನಾನು ಅದನ್ನು ಎತ್ತಿ ಅಂಗಿಯ ಜೇಬಿನಲ್ಲಿಟ್ಟುಕೊಂಡೆ. ಕ್ಷಮೆ ಕೇಳಿದೆ. ಅವಳು ಕೇಳಿಸಿಕೊಳ್ಳಲಿಲ್ಲ. ಇಗರ್ಜಿಯಲ್ಲಿ ಪಾದ್ರಿಯವರು, “ಈ ವರ್ಷ ಪೇತ್ರನ ಮಾತು ಗಾಯನ ಮಂಡಳಿಯ ಜೋಯ್‌ಸ್ಟನ್ ಓದಲಿ ಸಿಮೋನ್, ನೀನು ಓದಿದರೆ ಜನ ನಗ್ತಾರೆ,” ಎಂದರು. ಸರಿ ಎಂದೆ. ಆ ಸ್ಥಾನವೂ ಹೋಯಿತು.

ಕಪ್ತಾನ ಮನೆಗೆ ಬಂದ ಮರುದಿನ ಬೆಳಿಗ್ಗೆ ಅಂಗಳದ ದಂಡೆಯ ಮೇಲೆ ಹತ್ತಿ ಕೂಗಿದ. ಅಡುಗೆಕೋಣೆಯಿಂದ ಎಷ್ಟೋ ದಿನಗಳ ನಂತರ ಹಿಲ್ಡಾಳ ಸ್ವರ ಕೇಳಿಸಿತು.

“ಓಯ್, ಅದು ಯಾರ ಕೋಳಿ?”

ನಾನು ಎದ್ದು ಕುಳಿತೆ. “ನಮ್ಮದು ಹಿಲ್ಡಾ.”

ಕಪ್ತಾನ ಮತ್ತೆ ಕೂಗಿದ.

“ಯಾರದ್ದು?”

“ನಮ್ಮದೇ.”

ಮೂರನೇ ಸಲ ಕೂಗಿದಾಗ ಅವಳು, “ಎಂತ? ಕೇಳುದಿಲ್ಲ,” ಎಂದಳು.

ನಾನು ಅಂಗಳಕ್ಕಿಳಿದು, ಲುಂಗಿ ಬಿಗಿದುಕೊಂಡು, ಬೇಲಿಯಾಚೆ ಹಲ್ಲುಜ್ಜುತ್ತಿದ್ದ ಮಹಾಬಲನಿಗೂ ಕೇಳುವ ಹಾಗೆ ಕೂಗಿದೆ. “ನಮ್ಮದು! ಕಪ್ತಾನ ನಮ್ಮದು! ಕದ್ದುಕೊಂಡು ಹೋದವ ನಾನು!”

ಸ್ವಲ್ಪ ಹೊತ್ತಿನ ನಂತರ ಜಗಲಿಯ ಮೇಲೆ ಒಂದು ಲೋಟ ಚಹಾ ಬಂತು. ಇದಾಗಿ ಈಗ ಎರಡು ವರ್ಷ. ಹಿಲ್ಡಾ ಇನ್ನೂ ಪ್ರೆಸಿಡೆಂಟ್, ಮೀನಿನ ಹೆಂಗಸರ ತಲೆಯ ಮೇಲೆ ನೀಲಿ ಶೀಟಿನ ಮಾಡು ಉಂಟು. ಕಪ್ತಾನ ಪ್ರತಿ ಬೆಳಿಗ್ಗೆ ಕೂಗುತ್ತಾನೆ, ಅವಳು ಮೂರು ಸಲ ಕೇಳುತ್ತಾಳೆ, ನಾನು ಮೂರು ಸಲ ಹೇಳುತ್ತೇನೆ. ಮೂರನೆಯದು ಹೇಳಿದ ಮೇಲೆಯೇ ನನಗೆ ಚಹಾ.